ಮೃಗದ ಮುಖಕ್ಕೆ ಯಾರ ಹೆಸರು?

ಕ್ರೈಸ್ತರ ಬೈಬಲಿನ ಕೊನೆಯ ಪುಸ್ತಕದ ಹೆಸರು 'ಪ್ರಕಟನೆ'. ಅದರ ಹದಿಮೂರನೆಯ ಅಧ್ಯಾಯದಲ್ಲಿ ಸಮುದ್ರದೊಳಗಿಂದ ಒಂದು ಮೃಗ ಎದ್ದು ಬರುತ್ತದೆ. ಏಳು ತಲೆ, ಹತ್ತು ಕೊಂಬು. ಮೈ ಚಿರತೆಯದು, ಪಾದ ಕರಡಿಯದು, ಬಾಯಿ ಸಿಂಹದ್ದು. ಅದರ ಬೆನ್ನಿಗೇ ನೆಲದಿಂದ ಇನ್ನೊಂದು ಮೃಗ ಏಳುತ್ತದೆ. ಅದಕ್ಕೆ ಕುರಿಮರಿಯಂತೆ ಎರಡು ಕೊಂಬು, ಮಾತು ಮಾತ್ರ ಘಟಸರ್ಪದ್ದು. ಈ ಎರಡನೆಯದರ ಕೆಲಸವೆಂದರೆ ಮೊದಲನೆಯದಕ್ಕೆ ಜನರಿಂದ ಪೂಜೆ ಮಾಡಿಸುವುದು. ಬಲಗೈಯ ಮೇಲೋ ಹಣೆಯ ಮೇಲೋ ಮೃಗದ ಗುರುತು ಇಲ್ಲದವನು ಏನನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಮೃಗದ ಸಂಖ್ಯೆ 666.

ಈ ಮೃಗಕ್ಕೆ ಹೆಸರಿಡುವ ಕೆಲಸ ಹತ್ತೊಂಬತ್ತು ಶತಮಾನಗಳಿಂದ ನಡೆದಿದೆ. ರೋಮಿನ ಚಕ್ರವರ್ತಿ, ನಮ್ಮ ಪ್ರವಾದಿ (ಸ), ಸುಲ್ತಾನ್ ಸಲಾಹುದ್ದೀನ್, ಪೋಪ್, ಪೋಪನನ್ನು ವಿರೋಧಿಸಿದ ಲೂಥರ್, ತುರ್ಕಿಗಳು, ನೆಪೋಲಿಯನ್, ಯುರೋಪಿನ ಸಾಮಾನ್ಯ ಮಾರುಕಟ್ಟೆ, ಅಂಗಡಿಯ ಸಾಮಾನಿನ ಮೇಲಿನ ಬಾರ್‌ಕೋಡ್, ಕೊನೆಗೆ ಕೊರೋನಾ ಲಸಿಕೆ ಕೂಡ ಈ ಪಟ್ಟಿಯಲ್ಲಿ ಸೇರಿಕೊಂಡಿವೆ.

ಇದನ್ನು ಪರಮತದವರ ಚಾಳಿ ಎಂದು ನಕ್ಕು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಆದರೆ ನಗುವ ವಿಷಯ ಇದಲ್ಲ. ಈ ಹೆಸರಿನ ಬೆನ್ನಲ್ಲೇ ಸೈನ್ಯಗಳು ಹೊರಟಿವೆ, ಊರುಗಳು ಸುಟ್ಟಿವೆ. ಇಂದಿಗೂ ಪ್ಯಾಲೆಸ್ತೀನಿನ ಮಕ್ಕಳು ಅದರ ಬೆಲೆಯಲ್ಲಿ ಒಂದು ಪಾಲನ್ನು ತೆರುತ್ತಿದ್ದಾರೆ. ನನ್ನ ವಾದ ಇಷ್ಟೇ: ಈ ಮೃಗದ ಚಿತ್ರವನ್ನು ಮೊದಲು ಬರೆದವರು ಮಜ್ಲೂಮರು, ತಮ್ಮ ಎದೆಯ ಮೇಲಿದ್ದ ಪಾದವನ್ನು ನೋಡಿ ಬರೆದವರು. ಆ ಚಿತ್ರ ಜಾಲಿಮನ ಕೈಗೆ ಸಿಕ್ಕಾಗಲೆಲ್ಲ ಅದನ್ನು ತಲೆಕೆಳಗಾಗಿಯೇ ಓದಲಾಗಿದೆ. ಇದರಲ್ಲಿ ಕ್ರೈಸ್ತರೊಬ್ಬರೇ ತಪ್ಪಿತಸ್ಥರಲ್ಲ, ನಮ್ಮ ಪಾಲೂ ಇದೆ.

ಮೊದಲು ಮೃಗದ ವಂಶಾವಳಿ ನೋಡೋಣ. ಅದು 'ಪ್ರಕಟನೆ'ಗಿಂತ ಹಳೆಯದು. ಯಹೂದಿಗಳ ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಮೃಗಗಳು ಸಮುದ್ರದಿಂದ ಬರುತ್ತವೆ. ಹದ್ದಿನ ರೆಕ್ಕೆಯ ಸಿಂಹ, ಬಾಯಲ್ಲಿ ಪಕ್ಕೆಲುಬು ಕಚ್ಚಿಕೊಂಡ ಕರಡಿ, ನಾಲ್ಕು ತಲೆಯ ಚಿರತೆ, ಕಬ್ಬಿಣದ ಹಲ್ಲಿನ ಹೆಸರಿಲ್ಲದ ಒಂದು ಪ್ರಾಣಿ. ಆ ನಾಲ್ಕನೆಯದಕ್ಕೆ ಹತ್ತು ಕೊಂಬುಗಳು, ಅವುಗಳ ನಡುವೆ ಮನುಷ್ಯನ ಕಣ್ಣೂ ಬಡಾಯಿಯ ಬಾಯೂ ಇರುವ ಒಂದು ಚಿಕ್ಕ ಕೊಂಬು. ಹೆಚ್ಚಿನ ವಿದ್ವಾಂಸರ ಪ್ರಕಾರ ಈ ಅಧ್ಯಾಯ ಈಗಿನ ರೂಪಕ್ಕೆ ಬಂದದ್ದು ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕಸನ ಕಾಲದಲ್ಲಿ. ಅವನು ಯಹೂದಿಗಳ ಧರ್ಮಾಚರಣೆಯನ್ನೇ ನಿಷೇಧಿಸಿದ. ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಲ್ಲಿಸಿದ. ಕ್ರಿ.ಪೂ. 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ. ಆ ಚಿಕ್ಕ ಕೊಂಬು ಅವನೇ. ಅವನ ಹೆಸರು ಹೇಳಿದರೆ ತಲೆ ಹೋಗುತ್ತಿದ್ದ ದಿನಗಳಲ್ಲಿ ಅವನನ್ನು ಮೃಗವನ್ನಾಗಿ ಬರೆದರು. ಓದಿದವರಿಗೆ ಅರ್ಥವಾಯಿತು.

ಸುಮಾರು ಎರಡೂವರೆ ಶತಮಾನದ ಮೇಲೆ ಯೋಹಾನನೆಂಬುವನು ಏಜಿಯನ್ ಸಮುದ್ರದ ಪತ್ಮೋಸ್ ದ್ವೀಪದಲ್ಲಿ ಕುಳಿತು ಅದೇ ನಾಲ್ಕು ಮೃಗಗಳನ್ನು ಕಲಸಿ ಒಂದು ಮಾಡಿದ. ರೋಮಿನ ಚಕ್ರವರ್ತಿ ದೊಮಿತಿಯನ್ ಆಳುತ್ತಿದ್ದ ಕೊನೆಯ ವರ್ಷಗಳವು ಎಂಬುದು ಹಳೆಯ ಪರಂಪರೆಯ ಮಾತು. ಯೋಹಾನ ಬರೆದದ್ದು ಏಳು ಸಣ್ಣ ಸಭೆಗಳಿಗೆ. ಆ ಏಳೂ ಊರುಗಳು ಇಂದಿನ ತುರ್ಕಿಯಲ್ಲಿವೆ, ಅವುಗಳಲ್ಲಿ ಸ್ಮುರ್ನ ಈಗಿನ ಇಜ್ಮಿರ್. ಅಲ್ಲಿ ಚಕ್ರವರ್ತಿಯನ್ನು ದೇವರೆಂದು ಪೂಜಿಸುವ ಗುಡಿಗಳಿದ್ದವು. ನಾಣ್ಯದ ಮೇಲೆ ಅವನದೇ ಮುಖವಿತ್ತು. ಅವನಿಗೆ ಧೂಪ ಹಾಕದವನಿಗೆ ಪೇಟೆಯಲ್ಲಿ ಜಾಗವಿರಲಿಲ್ಲ. ಕೊಳ್ಳುವ, ಮಾರುವ, ಗುರುತು ಹಾಕಿಸಿಕೊಳ್ಳುವ ಮಾತು ಅಲ್ಲಿಂದ ಬಂದದ್ದು. ಏಳು ಬೆಟ್ಟದ ಮೇಲೆ ಕುಳಿತ ಹೆಂಗಸಿನ ಚಿತ್ರ ಓದಿದ ಯಾರಿಗೂ ಅದು ಯಾವ ನಗರವೆಂದು ವಿವರಿಸಬೇಕಾಗಿರಲಿಲ್ಲ.

ಆ ನಗರ ಬಿದ್ದಾಗ ಅಳುವವರು ಯಾರೆಂದು ಗಮನಿಸಿ. ರಾಜರು, ವ್ಯಾಪಾರಿಗಳು, ಹಡಗಿನ ಒಡೆಯರು. ವ್ಯಾಪಾರಿಗಳ ಸರಕಿನ ದೊಡ್ಡ ಪಟ್ಟಿಯೇ ಅಲ್ಲಿದೆ. ಚಿನ್ನದಿಂದ ಶುರುವಾಗಿ, ರೇಷ್ಮೆ, ದಂತ, ದಾಲ್ಚಿನ್ನಿ, ಗೋಧಿ, ದನ, ಕುದುರೆಗಳನ್ನು ದಾಟಿ, ಪಟ್ಟಿ ಮುಗಿಯುವುದು ಮಾರಾಟಕ್ಕಿಟ್ಟ ಮನುಷ್ಯರಲ್ಲಿ. ಸಾಮ್ರಾಜ್ಯದ ಖಾತೆಪುಸ್ತಕದಲ್ಲಿ ಮನುಷ್ಯನಿಗೆ ಇರುವ ಜಾಗ ಅದು ಎಂದು ತೋರಿಸಲು ಯೋಹಾನನಿಗೆ ಭಾಷಣ ಬೇಕಾಗಲಿಲ್ಲ.

ಇನ್ನು 666. ಅಬ್ಜದ್ ಕಲಿತವರಿಗೆ ಇದು ಒಗಟೇ ಅಲ್ಲ. ನಮ್ಮ ಅಂಗಡಿಯ ಹಲಗೆಯ ಮೇಲೆ, ಲಾರಿಯ ಹಣೆಯ ಮೇಲೆ, ಮದುವೆ ಕಾಗದದ ಮೇಲೆ 786 ಎಂದು ಬರೆಯುವುದಿಲ್ಲವೇ? ಬಿಸ್ಮಿಲ್ಲಾದ ಅಕ್ಷರಗಳ ಮೊತ್ತ ಅದು. ಉರ್ದು ಕವಿಗಳು ಸಾವಿನ ವರ್ಷವನ್ನು ಒಂದು ಸಾಲಿನ ಅಕ್ಷರಗಳಲ್ಲಿ ಅಡಗಿಸುತ್ತಿದ್ದುದೂ ಇದೇ ಲೆಕ್ಕದಲ್ಲಿ. ಹೀಬ್ರೂ ಅಕ್ಷರಗಳಿಗೂ ಅದೇ ಬೆಲೆ. 'ನೆರೋನ್ ಕೆಸರ್', ಅಂದರೆ ನೀರೋ ಚಕ್ರವರ್ತಿ, ಎಂಬುದನ್ನು ಹೀಬ್ರೂವಿನಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಕೊನೆಯ 'ನ'ಕಾರ ಬಿಟ್ಟು ಲ್ಯಾಟಿನ್ನಿನಂತೆ 'ನೆರೋ' ಎಂದು ಬರೆದರೆ ಐವತ್ತು ಕಡಿಮೆಯಾಗಿ 616 ಆಗುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಇರುವ ಸಂಖ್ಯೆಯೂ 616. ಎರಡೂ ಸಂಖ್ಯೆಗೆ ಒಂದೇ ಹೆಸರು ಹೊಂದುತ್ತದೆ ಎಂಬುದೇ ದೊಡ್ಡ ಸಾಕ್ಷಿ. ಯೋಹಾನ ಬರೆಯುವ ಹೊತ್ತಿಗೆ ನೀರೋ ಸತ್ತು ದಶಕಗಳಾಗಿದ್ದವು. ಆದರೆ ಅವನು ಮರಳಿ ಬರುತ್ತಾನೆ ಎಂಬ ಭಯ ಜನರಲ್ಲಿತ್ತು. ಮಾರಣಾಂತಿಕ ಗಾಯವಾಗಿ ವಾಸಿಯಾದ ತಲೆ ಎಂದರೆ ಅದೇ. ಜುಲುಮಿಗೆ ಸಾವಿಲ್ಲ, ಅದು ಹೊಸ ಮುಖ ಹೊತ್ತು ಬರುತ್ತದೆ ಎಂದು ಅವನು ಹೇಳುತ್ತಿದ್ದ.

ಇಲ್ಲಿಯವರೆಗೆ ಓದಿದರೆ ಈ ಪುಸ್ತಕದೊಡನೆ ಯಾವ ಮಜ್ಲೂಮನಿಗೂ ಜಗಳವಿರಲಾರದು. ಜಗಳ ಶುರುವಾಗುವುದು ನಾಲ್ಕನೆಯ ಶತಮಾನದಲ್ಲಿ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪಕ್ಷಕ್ಕೆ ಬಂದ. ಮೃಗವೇ ದೀಕ್ಷೆ ಪಡೆದರೆ ಪುಸ್ತಕವನ್ನು ಏನು ಮಾಡುವುದು? ಕಾನ್‌ಸ್ಟಂಟೈನ್ ಅದಕ್ಕೊಂದು ದಾರಿ ಹುಡುಕಿದ. ತನ್ನ ಪಾದದ ಕೆಳಗೆ ಘಟಸರ್ಪ ಬಿದ್ದಿರುವ ಚಿತ್ರವನ್ನು ಬರೆಸಿ ಅರಮನೆಯ ಮುಂದೆ ನಿಲ್ಲಿಸಿದ ಎಂದು ಅವನ ಚರಿತ್ರೆ ಬರೆದ ಯೂಸೆಬಿಯಸ್ ಹೊಗಳುತ್ತಾನೆ. ಆ ಘಟಸರ್ಪ ಅವನ ರಾಜಕೀಯ ಎದುರಾಳಿ ಲಿಸಿನಿಯಸ್. ಸಿಂಹಾಸನದ ವಿರುದ್ಧ ಬರೆದ ಚಿತ್ರ ಸಿಂಹಾಸನದ ಗೋಡೆಗೆ ಅಲಂಕಾರವಾಯಿತು. ಅಂದಿನಿಂದ ಮೃಗ ಯಾರೆಂದು ಹೇಳುವ ಅಧಿಕಾರ ಅರಮನೆಗೂ ಗುರುಪೀಠಕ್ಕೂ ಹೋಯಿತು.

ಮುಸ್ಲಿಮರು ಈ ಚಿತ್ರದೊಳಗೆ ಬಂದದ್ದು ಹೇಗೆ? 854ರಲ್ಲಿ ಸ್ಪೇನಿನ ಕುರ್ತುಬಾ ನಗರದ ಕ್ರೈಸ್ತ ಅಲ್ವಾರಸ್, ದಾನಿಯೇಲನ ಚಿಕ್ಕ ಕೊಂಬು ಎಂದರೆ ಪ್ರವಾದಿ ಮುಹಮ್ಮದ್ (ಸ) ಎಂದು ಬರೆದ. ಅವನ ಸಂಕಟವನ್ನು ನಾನು ತಳ್ಳಿಹಾಕುವುದಿಲ್ಲ. ಅವನು ಮುಸ್ಲಿಮ್ ಅಮೀರನ ಪ್ರಜೆ. ಆ ವರ್ಷಗಳಲ್ಲಿ ಅವನ ಜೊತೆಯವರನ್ನು ಧರ್ಮನಿಂದೆಯ ಆರೋಪದ ಮೇಲೆ ಕೊಂದಿದ್ದರು. ಅಮೀರನ ಕತ್ತಿಗೆ ಅವನು ಮೃಗವೆಂದಿದ್ದರೆ ಅದು ಯೋಹಾನನ ದಾರಿಯೇ. ಅವನು ಕತ್ತಿಯನ್ನು ಬಿಟ್ಟು ಇಡೀ ಒಂದು ಸಮುದಾಯದ ಪ್ರಾಣಕ್ಕಿಂತ ಪ್ರಿಯವಾದ ಹೆಸರನ್ನು ಹಿಡಿದ. ಅಲ್ಲಿ ದಾರಿ ತಪ್ಪಿತು.

ಮೂರೂವರೆ ಶತಮಾನಗಳ ಮೇಲೆ ಅದೇ ಮಾತು ಬಲಿಷ್ಠನ ಬಾಯಿಗೆ ಬಂತು. 1213ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಹೊಸ ಕ್ರುಸೇಡಿಗೆ ಕರೆ ಕೊಟ್ಟ. ಇಸ್ಲಾಮೇ ಆ ಮೃಗ, ಅದರ ಆಯುಷ್ಯ 666 ವರ್ಷ, ಹತ್ತಿರಹತ್ತಿರ 600 ಕಳೆದಿವೆ ಎಂಬ ಲೆಕ್ಕ ಆ ಕರೆಯಲ್ಲಿತ್ತು. ಅಂದರೆ ಹದಿಮೂರನೆಯ ಶತಮಾನದ ಕೊನೆಗೆ ನಾವು ಮುಗಿಯಬೇಕಿತ್ತು. ಆ ಕೊನೆಗೆ, 1291ರಲ್ಲಿ ಮುಗಿದದ್ದು ಕ್ರುಸೇಡಿಗರ ಕಟ್ಟಕಡೆಯ ದೊಡ್ಡ ಕೋಟೆ ಅಕ್ಕಾ. ಲೆಕ್ಕ ತಪ್ಪಿತೆಂದು ಯಾರೂ ಕ್ಷಮೆ ಕೇಳಲಿಲ್ಲ. ಭವಿಷ್ಯ ಹೇಳುವವರ ವ್ಯಾಪಾರದಲ್ಲಿ ಆ ಪದ್ಧತಿ ಇಲ್ಲ.

ಆಯುಧ ಒಮ್ಮೆ ತಯಾರಾದ ಮೇಲೆ ಅದು ಮನೆಯವರ ಮೇಲೂ ತಿರುಗಿತು. ಕ್ರೈಸ್ತ ಚಕ್ರವರ್ತಿ ಎರಡನೆಯ ಫ್ರೆಡರಿಕ್ 1229ರಲ್ಲಿ ಈಜಿಪ್ಟಿನ ಸುಲ್ತಾನ್ ಅಲ್-ಕಾಮಿಲನ ಜೊತೆ ಮಾತುಕತೆ ನಡೆಸಿ, ಯುದ್ಧವಿಲ್ಲದೆ ಜೆರುಸಲೇಮನ್ನು ಪಡೆದವನು. ಹತ್ತು ವರ್ಷದ ಮೇಲೆ ಅವನ ಜೊತೆ ಜಗಳವಾದಾಗ ಪೋಪ್ ಒಂಬತ್ತನೆಯ ಗ್ರೆಗರಿ ಅವನನ್ನೇ ಸಮುದ್ರದಿಂದೆದ್ದ ಮೃಗ ಎಂದ. ಫ್ರೆಡರಿಕನ ಕಡೆಯವರು ಆ ಪುಸ್ತಕದಿಂದಲೇ ಹೆಕ್ಕಿ ಪೋಪನಿಗೆ ಹೆಸರಿಟ್ಟರು. 1522ರಲ್ಲಿ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾದಾಗ ಅದರ ಚಿತ್ರಗಳಲ್ಲಿ ಬಾಬಿಲೋನಿನ ವೇಶ್ಯೆಯ ತಲೆಯ ಮೇಲೆ ಪೋಪನ ಮೂರಂತಸ್ತಿನ ಕಿರೀಟವಿತ್ತು. ಗಲಾಟೆಯಾದ ಮೇಲೆ ಡಿಸೆಂಬರಿನ ಆವೃತ್ತಿಯಲ್ಲಿ ಮೇಲಿನ ಅಂತಸ್ತುಗಳನ್ನು ಕೆರೆದು ತೆಗೆದರು. ಏಳು ವರ್ಷದ ಮೇಲೆ ತುರ್ಕಿಗಳು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ಲೂಥರನಿಗೆ ದಾನಿಯೇಲನ ಚಿಕ್ಕ ಕೊಂಬಿನಲ್ಲಿ ತುರ್ಕಿ ಕಂಡ. ಅದೇ ಶತಮಾನ ಮುಗಿಯುವುದರೊಳಗೆ ಕೆಥೊಲಿಕ್ ಪಂಡಿತ ಬುಂಗಸ್ ಲೂಥರನ ಹೆಸರಿನಿಂದಲೇ 666 ತೆಗೆದು ತೋರಿಸಿದ. ಒಂದೇ ಕನ್ನಡಿ, ಎದುರುಬದುರು ಹಿಡಿದುಕೊಂಡವರು ಇಬ್ಬರು.

ಕೂಡಿಸುವ ಹಟವಿದ್ದರೆ ಯಾವ ಹೆಸರಿನಿಂದಲೂ 666 ಬರುತ್ತದೆ. ಇದನ್ನು ಟಾಲ್‌ಸ್ಟಾಯ್‌ಗಿಂತ ಚೆನ್ನಾಗಿ ತೋರಿಸಿದವರಿಲ್ಲ. 'ಯುದ್ಧ ಮತ್ತು ಶಾಂತಿ' ಕಾದಂಬರಿಯ ಪಿಯೆರ್, ನೆಪೋಲಿಯನ್ನನ ಹೆಸರು 666 ಆಗುತ್ತದೆಂದು ತಿಳಿದು, ಅವನನ್ನು ಮುಗಿಸುವವನ ಹೆಸರೂ ಅದೇ ಸಂಖ್ಯೆಯಾಗಬೇಕೆಂದು ಹುಡುಕುತ್ತಾನೆ. ತನ್ನ ಹೆಸರನ್ನೇ ಹಿಂದೆಮುಂದೆ ಮಾಡುತ್ತಾನೆ, ಒಂದು ಅಕ್ಷರವನ್ನು ವ್ಯಾಕರಣಕ್ಕೆ ವಿರುದ್ಧವಾಗಿ ನುಂಗುತ್ತಾನೆ, ಕೊನೆಗೆ 666 ಬಂದೇ ಬಿಡುತ್ತದೆ! ಮೃಗ ಹುಡುಕಲು ಹೋದವನಿಗೆ ಅಲ್ಲಿ ಸಿಕ್ಕಿದ್ದು ತನ್ನದೇ ಹೆಸರು.

ಈ ಲೆಕ್ಕದ ಒಂದು ಎಳೆ ನಮ್ಮ ಕರಾವಳಿಗೂ ತಾಕಿದೆ. ಜರ್ಮನಿಯ ವುರ್ಟೆಂಬರ್ಗಿನ ಪಂಡಿತ ಬೆಂಗೆಲ್ ಹದಿನೆಂಟನೆಯ ಶತಮಾನದಲ್ಲೇ 1836ಕ್ಕೆ ಮೃಗದ ಪತನ ಎಂದು ಗುಣಿಸಿಟ್ಟಿದ್ದ. ಬಾಸೆಲ್ ಮಿಶನ್ನಿನ ಅನೇಕ ಪಾದ್ರಿಗಳು ಅದೇ ವುರ್ಟೆಂಬರ್ಗಿನ ಭಕ್ತಿಪಂಥದಿಂದ ಬಂದವರು. ಅವರಲ್ಲೊಬ್ಬರಾದ ಹರ್ಮನ್ ಮೊಗ್ಲಿಂಗ್ ಭಾರತಕ್ಕೆ ಬಂದದ್ದು ಅದೇ 1836ರಲ್ಲಿ. ಮೃಗ ಬೀಳಲಿಲ್ಲ, ಲೋಕ ಮುಗಿಯಲಿಲ್ಲ. 1843ರಲ್ಲಿ ಮೊಗ್ಲಿಂಗ್ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದರು. ಬೆಂಗೆಲನ ಗಣಿತ ಸರಿಯಾಗಿದ್ದರೆ ಕನ್ನಡಕ್ಕೆ ಆ ಮೊದಲ ಪತ್ರಿಕೆಯೇ ಇರುತ್ತಿರಲಿಲ್ಲ.

ಹಳೆಯ ಕಾಲದ ಮಾತು ಸಾಕು ಎನ್ನುವವರು ಅಮೆರಿಕದ ಕಡೆ ನೋಡಬೇಕು. 1970ರಲ್ಲಿ ಹಾಲ್ ಲಿಂಡ್ಸೆ ಬರೆದ ಒಂದು ಪುಸ್ತಕ ಆ ದಶಕದಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳಲ್ಲೊಂದು. ಹತ್ತು ಕೊಂಬುಗಳೆಂದರೆ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಹತ್ತು ದೇಶಗಳು ಎಂದು ಅದರಲ್ಲಿ ಹೇಳಿತ್ತು. 1981ರಲ್ಲಿ ಗ್ರೀಸ್ ಸೇರಿ ಹತ್ತಾದಾಗ ನಂಬಿದವರ ಎದೆ ಡವಡವ ಎಂದಿತು. 1986ರಲ್ಲಿ ಇನ್ನೆರಡು ದೇಶ ಸೇರಿ ಹನ್ನೆರಡಾಯಿತು. ಈಗ ಒಕ್ಕೂಟದಲ್ಲಿ 27 ದೇಶಗಳಿವೆ. ಇಷ್ಟು ಕೊಂಬಿನ ಮೃಗವನ್ನು ಯೋಹಾನನೂ ಕಂಡಿರಲಿಲ್ಲ. ಲಿಂಡ್ಸೆ 2024ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕೊಂಬುಗಳು ಯುರೋಪಿನಿಂದ ನಮ್ಮ ಕಡೆಗೆ ತಿರುಗಿದ್ದವು. 2001ರ ಸೆಪ್ಟೆಂಬರಿನ ನಂತರ, ಕ್ರಿಸ್ತವಿರೋಧಿ ಬರುವುದು ಇಸ್ಲಾಮಿನಿಂದಲೇ ಎನ್ನುವ ಪುಸ್ತಕಗಳ ಸಾಲೇ ಬಂತು.

ಪುಸ್ತಕ ಪುಸ್ತಕವಾಗಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಟೆಕ್ಸಾಸಿನ ಪಾದ್ರಿ ಜಾನ್ ಹೇಗೀ ಇಂಥ ಅಂತ್ಯಕಾಲದ ಬೋಧಕರು. 2006ರಲ್ಲಿ ಇಸ್ರೇಲಿನ ಪರವಾಗಿ ಒಂದು ದೊಡ್ಡ ಕ್ರೈಸ್ತ ಸಂಘಟನೆ ಕಟ್ಟಿದವರು. 2018ರ ಮೇ 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿನಲ್ಲಿ ತೆರೆದಾಗ ಕೊನೆಯ ಪ್ರಾರ್ಥನೆ ಮಾಡಿದವರು ಇವರೇ. ಅದೇ ದಿನ ಗಾಜಾದ ಬೇಲಿಯ ಬಳಿ ಇಸ್ರೇಲಿ ಸೈನಿಕರ ಗುಂಡಿಗೆ ಸುಮಾರು 60 ಪ್ಯಾಲೆಸ್ತೀನಿಯರು ಸತ್ತರು. ಪ್ರಾರ್ಥನೆಯ ಧ್ವನಿ ಒಂದು ಕಡೆ, ಗುಂಡಿನ ಶಬ್ದ ಇನ್ನೊಂದು ಕಡೆ. ಕುರಿಮರಿಯ ಕೊಂಬಿನ ಎರಡನೆಯ ಮೃಗದ ವರ್ಣನೆಯನ್ನು ಆ ದಿನ ಯಾರಾದರೂ ತೆರೆದು ಓದಿದ್ದರೆ ಒಳ್ಳೆಯದಿತ್ತು.

ಇದು ಯಹೂದಿಗಳ ಮೇಲಿನ ಪ್ರೀತಿ ಎಂದು ಯಾರೂ ಮೋಸಹೋಗಬಾರದು. ಈ ಪಂಥದ ಹಲವು ಬೋಧಕರ ಕೊನೆಯ ಅಂಕದಲ್ಲಿ ಮೂರರಲ್ಲಿ ಎರಡು ಪಾಲು ಯಹೂದಿಗಳು ಸಾಯುತ್ತಾರೆ, ಉಳಿದವರು ಕ್ರೈಸ್ತರಾಗುತ್ತಾರೆ. ನಾಟಕಕ್ಕೆ ಅವರು ಪಾತ್ರಧಾರಿಗಳಷ್ಟೇ. ಪ್ಯಾಲೆಸ್ತೀನಿನ ಕ್ರೈಸ್ತರಿಗಂತೂ ಈ ನಾಟಕದಲ್ಲಿ ಪಾತ್ರವೇ ಇಲ್ಲ. ಈಸಾ (ಅ) ಹುಟ್ಟಿದ ಬೆತ್ಲೆಹೇಮಿನ ಸುತ್ತ ಇಂದಿಗೂ ಬದುಕಿರುವ ಸಮುದಾಯ ಅದು. 2009ರಲ್ಲಿ 'ಕೈರೋಸ್ ಪ್ಯಾಲೆಸ್ತೀನ್' ಎಂಬ ದಾಖಲೆಯಲ್ಲಿ ಅವರು, ತಮ್ಮ ಮೇಲಿನ ಆಕ್ರಮಣಕ್ಕೆ ಬೈಬಲನ್ನು ಸಮರ್ಥನೆಯಾಗಿ ಬಳಸುವುದನ್ನು ಸ್ಪಷ್ಟವಾಗಿ ಖಂಡಿಸಿದರು. 2023ರ ಅಕ್ಟೋಬರಿನಲ್ಲಿ ಗಾಜಾದ ಪುರಾತನ ಸಂತ ಪೊರ್ಫಿರಿಯಸ್ ಚರ್ಚಿನ ಆವರಣದ ಮೇಲೆ ಇಸ್ರೇಲಿನ ಬಾಂಬು ಬಿದ್ದು ಅಲ್ಲಿ ಆಶ್ರಯ ಪಡೆದವರು ಸತ್ತರು. ಆ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಲೂಥರನ್ ಚರ್ಚು ಶಿಶು ಯೇಸುವನ್ನು ಗೋದಲಿಯ ಬದಲು ಕಲ್ಲುಮಣ್ಣಿನ ರಾಶಿಯಲ್ಲಿ ಮಲಗಿಸಿತು. ಯೋಹಾನನ ಏಳು ಸಭೆಗಳ ನಿಜವಾದ ವಾರಸುದಾರರು ಟೆಕ್ಸಾಸಿನಲ್ಲಿದ್ದಾರೋ ಇಲ್ಲಿದ್ದಾರೋ, ಓದುಗರೇ ಹೇಳಲಿ.

ಈಗ ನಮ್ಮ ಮನೆಯ ಮಾತು. ನಮಗೂ ದಜ್ಜಾಲ್ ಇದ್ದಾನೆ, ಯಾಜೂಜ್ ಮಾಜೂಜ್ ಇದ್ದಾರೆ, ಕುರ್‌ಆನಿನಲ್ಲಿ ಭೂಮಿಯಿಂದೆದ್ದು ಮಾತಾಡುವ ಒಂದು ಪ್ರಾಣಿಯ ಪ್ರಸ್ತಾಪವಿದೆ. ಅದರ ಊರನ್ನಾಗಲಿ ತಾರೀಖನ್ನಾಗಲಿ ಕುರ್‌ಆನ್ ಕೊಟ್ಟಿಲ್ಲ, ಕಿಯಾಮತ್ತಿನ ಘಳಿಗೆಯ ಅರಿವು ಅಲ್ಲಾಹನಿಗೆ ಮಾತ್ರ ಎಂದು ಮತ್ತೆಮತ್ತೆ ಎಚ್ಚರಿಸಿದೆ. ಆದರೂ ನಮ್ಮಲ್ಲಿ ಲೆಕ್ಕಪತ್ರಕ್ಕೆ ಬರವಿಲ್ಲ. ಸೌದಿ ವಿದ್ವಾಂಸ ಸಫರ್ ಅಲ್-ಹವಾಲಿ ಅದೇ ದಾನಿಯೇಲನ ಗ್ರಂಥವನ್ನು ಹಿಡಿದು, 1967ಕ್ಕೆ 45 ಕೂಡಿಸಿ, 2012ರ ಹೊತ್ತಿಗೆ ಇಸ್ರೇಲ್ ಕೊನೆಯಾಗುತ್ತದೆಂದು ಬರೆದರು. ಲಿಂಡ್ಸೆಯ ಕೊಂಬಿನ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ಮಸೀದಿಗಳ ಮುಂದೆ ಮಾರುವ ಉರ್ದು ಕಿರುಪುಸ್ತಕಗಳಲ್ಲಿ ದಜ್ಜಾಲನ ಒಂಟಿ ಕಣ್ಣು ಟೆಲಿವಿಷನ್ನೂ ಆಗುತ್ತದೆ, ಡಾಲರ್ ನೋಟಿನ ಮೇಲಿನ ಕಣ್ಣೂ ಆಗುತ್ತದೆ. ಅವುಗಳ ಎಷ್ಟೋ ಪುಟಗಳು ಅಮೆರಿಕದ ಪಾದ್ರಿಗಳಿಂದಲೇ ಕಡ ತಂದ ಸರಕು. ಯಹೂದಿಗಳ ಇಡೀ ಸಮುದಾಯವನ್ನು ದಜ್ಜಾಲನ ಸೈನ್ಯವೆಂದು ಬರೆಯುವವನು ಇನ್ನೊಸೆಂಟನ ಶಿಷ್ಯ, ಅವನ ತಲೆಯ ಮೇಲೆ ಟೋಪಿ ಇದೆ ಅಷ್ಟೆ.

ಇದರ ಕೊನೆಯ ಹಂತವನ್ನೂ ಕಂಡಿದ್ದೇವೆ. ಐಸಿಸ್ ಎಂಬ ಕೊಲೆಗಡುಕರ ಗುಂಪು ತನ್ನ ಪತ್ರಿಕೆಗೆ 'ದಾಬಿಕ್' ಎಂದು ಹೆಸರಿಟ್ಟಿತ್ತು. ಅದು ಸಿರಿಯಾದ ಒಂದು ಸಣ್ಣ ಊರು, ಅಂತ್ಯಕಾಲದ ಯುದ್ಧದ ಹದೀಸಿನಲ್ಲಿ ಬರುವ ಹೆಸರು. 2014ರಲ್ಲಿ ಆ ಊರನ್ನು ಹಿಡಿದು ಅವರು ಮಹಾಯುದ್ಧಕ್ಕೆ ಕಾದರು. 2016ರ ಅಕ್ಟೋಬರಿನಲ್ಲಿ ಹೆಚ್ಚು ಕಾದಾಟವೂ ಇಲ್ಲದೆ ಬಿಟ್ಟು ಓಡಿದರು. ನಡುವೆ ಅವರ ಕೈಯಲ್ಲಿ ಸತ್ತವರಲ್ಲಿ ಬಹುಪಾಲು ಮುಸ್ಲಿಮರೇ.

ಹಾಗಾದರೆ ಪ್ರವಾದನೆಗೆ ಅರ್ಥವೇ ಇಲ್ಲವೇ, ಮೃಗ ಬರೀ ಕಟ್ಟುಕತೆಯೇ ಎಂದು ನಂಬಿಕೆಯುಳ್ಳವರು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ಕತೆ ಬರೆಯುವವನಾಗಿ ನನಗೆ ಗೊತ್ತಿರುವುದು, ಸಂಕೇತ ಬೇರೆ, ಒಗಟು ಬೇರೆ. ಒಗಟಿಗೆ ಒಂದು ಉತ್ತರ ಸಿಕ್ಕರೆ ಅದು ಮುಗಿಯುತ್ತದೆ. ಸಂಕೇತ ಮುಗಿಯುವುದಿಲ್ಲ. ನೀರೋನಿಂದ ಹುಟ್ಟಿದ ಮೃಗ ನೀರೋನಲ್ಲಿ ಮುಗಿಯದೆ, ಅವನಂತೆ ಆಳುವ ಎಲ್ಲರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಗೋವಿನ ಹಾಡು ಕೇಳಿ ಬೆಳೆದ ನಾವು ಅದರಲ್ಲಿನ ಹುಲಿಯ ಜಾತಿ ಯಾವುದೆಂದು ಎಂದೂ ಕೇಳಿಲ್ಲ.

ಮೃಗದ ಮಾತಾಡುವವರಿಗೆ ಎರಡು ಪ್ರಶ್ನೆ ಹಾಕಿ ನೋಡಿ. ಒಂದು, ನೀನು ನಿಂತಿರುವುದು ಮೃಗದ ಪಾದದ ಕೆಳಗೋ, ಬೆನ್ನ ಮೇಲೋ? ದಕ್ಷಿಣ ಆಫ್ರಿಕದ ಕರಿಯ ಪಾದ್ರಿ ಅಲನ್ ಬೂಸಾಕ್ 1987ರಲ್ಲಿ 'ಪ್ರಕಟನೆ'ಯ ಮೇಲೆ ಪುಸ್ತಕ ಬರೆದು ವರ್ಣಭೇದದ ಸರ್ಕಾರದಲ್ಲಿ ಮೃಗವನ್ನು ಗುರುತಿಸಿದರು. ಅವರು ಪಾದದ ಕೆಳಗಿದ್ದರು. ಅವರು ತೋರಿಸಿದ್ದು ಒಂದು ಆಡಳಿತವನ್ನು, ಒಂದು ಜನಾಂಗವನ್ನಲ್ಲ. ಎರಡನೆಯ ಪ್ರಶ್ನೆ, ಮೃಗದ ಎದುರಿಗೆ ನೀನು ನಿಲ್ಲಿಸುವುದು ಯಾರನ್ನು? ದಾನಿಯೇಲನಲ್ಲಿ ನಾಲ್ಕು ಮೃಗಗಳ ನಂತರ ಬರುವುದು ಐದನೆಯ ದೊಡ್ಡ ಮೃಗವಲ್ಲ, ಮನುಷ್ಯನಂತಿರುವ ಒಂದು ಆಕೃತಿ. ಯೋಹಾನನಲ್ಲಿ ಅದರೆದುರು ನಿಲ್ಲುವುದು ಕೊಯ್ದ ಗಾಯವಿರುವ ಕುರಿಮರಿ. ಬಾಂಬು ವಿಮಾನವನ್ನು ಕುರಿಮರಿ ಎಂದು ಕರೆಯುವವನಿಗೂ ಆತ್ಮಾಹುತಿ ದಳವನ್ನು ದೇವರ ಸೈನ್ಯ ಎನ್ನುವವನಿಗೂ ಈ ಪುಟಗಳಲ್ಲಿ ಜಾಗವಿಲ್ಲ.

ಇದು ದೂರದ ದೇಶಗಳ ಪಾಠ ಮಾತ್ರವಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತ ಚರ್ಚುಗಳ ಮೇಲೆ ದಾಳಿಯಾದಾಗ ಒಳಗಿದ್ದವರಿಗೆ ಮೃಗದ ಪಾದ ಎಂದರೇನೆಂದು ವ್ಯಾಖ್ಯಾನ ಬೇಕಿರಲಿಲ್ಲ. ನಮ್ಮನ್ನೂ ರಾಕ್ಷಸರೆಂದು ವೇದಿಕೆಯಿಂದ ಕೂಗುವವರನ್ನು ನಾವು ಕೇಳಿದ್ದೇವೆ. ಕೂಗಿಗೆ ಧರ್ಮ ಯಾವುದಾದರೂ ವ್ಯಾಕರಣ ಒಂದೇ. ಮೊದಲು ಮನುಷ್ಯನಿಗೆ ಕೊಂಬು ಬರೆಯುವುದು, ಆಮೇಲೆ ಬೇಟೆಗೆ ಹೊರಡುವುದು. ಕೊಂಬು ಬರೆದ ಮೇಲೆ ಕೊಂದರೆ ಪಾಪವೆನಿಸುವುದಿಲ್ಲ.

ಆದ್ದರಿಂದ ಪಕ್ಕದ ಮನೆಯವನ ಹಣೆಯಲ್ಲಿ 666 ಓದುವವನು ಪಾದ್ರಿಯಾಗಲಿ ಮೌಲ್ವಿಯಾಗಲಿ, ಅವನ ಕೈಯಿಂದ ಆ ಪುಸ್ತಕವನ್ನು ಮರ್ಯಾದೆಯಿಂದ ಇಸಿದುಕೊಳ್ಳಬೇಕು. ಮೃಗವನ್ನು ಗುರುತಿಸಲು ಅಕ್ಷರಗಳ ಮೊತ್ತ ಬೇಡ. ಯಾರ ಖಾತೆಪುಸ್ತಕದಲ್ಲಿ ಮನುಷ್ಯ ದನಕುದುರೆಗಳ ನಂತರದ ಸರಕಾಗಿದ್ದಾನೋ, ಯಾರಿಗೆ ತಲೆಬಾಗದವನಿಗೆ ಪೇಟೆಯಲ್ಲಿ ಅಕ್ಕಿ ಸಿಗುವುದಿಲ್ಲವೋ, ಮೃಗ ಅಲ್ಲಿದೆ. ಯೋಹಾನ ಬರೆದದ್ದು ಅದನ್ನೇ.